ಹಿಂಜರಿತ ಬಂದಾಗ ಸಣ್ಣ ಉದ್ಯಮ ಕೆಲಸ ಹುಡುಕುವುದು ಹೇಗೆ?

ಮೊದಲು ಫೋನ್ ಕರೆಗಳು ಕಡಿಮೆಯಾಗುತ್ತವೆ. ಕೊಟೇಶನ್ ತೆಗೆದುಕೊಂಡವರು "ಮುಂದಿನ ತಿಂಗಳು ನೋಡೋಣ" ಅನ್ನುತ್ತಾರೆ. ಮುಂದಿನ ತಿಂಗಳೂ ಅದನ್ನೇ ಅನ್ನುತ್ತಾರೆ. ಪತ್ರಿಕೆಯಲ್ಲಿ "ಹಿಂಜರಿತ" ಅನ್ನೋ ಪದ ಬರುವ ಹೊತ್ತಿಗೆ ಸಣ್ಣ ಉದ್ಯಮದವರಿಗೆ ಅದು ಹಳೇ ಸುದ್ದಿ. ಸತತ ಎರಡು ತ್ರೈಮಾಸಿಕ ಜಿಡಿಪಿ, ಅಂದರೆ ದೇಶದ ಒಟ್ಟು ಉತ್ಪಾದನೆ, ಕುಗ್ಗಿದರೆ ಹಿಂಜರಿತ ಅನ್ನುವುದು ರೂಢಿ. ಅಂದರೆ ಲೆಕ್ಕ ಕೈಗೆ ಸಿಗುವಷ್ಟರಲ್ಲಿ ಅರ್ಧ ವರ್ಷ ಕಳೆದಿರುತ್ತದೆ.

2009ರ ಶುರುವಿನಲ್ಲಿ ನಾನು ಆಫೀಸು ಕುರ್ಚಿ, ಮೇಜು ಮಾಡುವ ಸಣ್ಣ ವರ್ಕ್‌ಶಾಪ್ ನಡೆಸುತ್ತಿದ್ದೆ. ಹೊಸ ಆರ್ಡರ್ ಪೂರ್ತಿ ನಿಂತುಹೋಗಿತ್ತು. ಆಗ ಹಳೇ ಗಿರಾಕಿಯೊಬ್ಬರು ಫೋನ್ ಮಾಡಿದರು. "ಅರವತ್ತು ಕುರ್ಚಿ ಇವೆ. ಫೋಮ್ ಕೂತುಹೋಗಿದೆ, ಚಕ್ರ ಮುರಿದಿವೆ. ರಿಪೇರಿ ಮಾಡಿಕೊಡ್ತೀರಾ?" ಅಂತ ಕೇಳಿದರು. "ನಾವು ಹೊಸದು ಮಾಡೋರು ಸಾರ್, ರಿಪೇರಿ ಮಾಡಲ್ಲ" ಅಂದೆ. ಸ್ವಲ್ಪ ಗತ್ತಿನಲ್ಲೇ ಅಂದೆ. ಆ ಕೆಲಸ ಬೇರೆಯವರ ಪಾಲಾಯಿತು. ಆಮೇಲೆ ಅದೇ ಆಫೀಸಿನ ಕಪಾಟು, ಪಾರ್ಟಿಷನ್ ಎಲ್ಲ ಅವರಿಗೇ ಹೋಯಿತು. ಎರಡು ವರ್ಷ ಕಳೆದ ಮೇಲೆ ಹೊಸ ಕುರ್ಚಿಗಳ ಆರ್ಡರ್ ಕೂಡ!

ಆ ದಿನ ನನಗೆ ಬಂದದ್ದು ಅವಕಾಶ. ನನಗೆ ಕಂಡದ್ದು ಮರ್ಯಾದೆಗೆ ಕಡಿಮೆಯಾದ ಕೆಲಸ. ಕಷ್ಟದ ಕಾಲದ ಕೆಲಸಗಳು ಬಹುಪಾಲು ಹೀಗೇ ಬರುತ್ತವೆ. ಹಳೇ ಗಿರಾಕಿಯ ಬಾಯಿಂದಲೇ, ನಾವು ಸಾಮಾನ್ಯವಾಗಿ ಮಾಡುವುದಕ್ಕಿಂತ ಒಂದು ಮೆಟ್ಟಿಲು ಕೆಳಗಿನದಾಗಿ ಬರುತ್ತವೆ. ಆಮೇಲೆ ಕಲಿತದ್ದನ್ನು ಇಲ್ಲಿ ಮಾಡಬೇಕಾದ ಕ್ರಮದಲ್ಲೇ ಬರೆಯುತ್ತೇನೆ.

1. ಮೊದಲು ನಿಮ್ಮ ಉಸಿರು ಎಷ್ಟು ವಾರದ್ದು ಅಂತ ಎಣಿಸಿ

ಹೊಸ ಐಡಿಯಾ ಹುಡುಕುವ ಮುಂಚೆ ಈ ಕೆಲಸ. ಬ್ಯಾಂಕಿನಲ್ಲಿರುವ ದುಡ್ಡು, ಕೈಯಲ್ಲಿರುವ ದುಡ್ಡು ಕೂಡಿಸಿ. ಒಂದು ಬಿಲ್ ಕೂಡ ಆಗದಿದ್ದರೂ ವಾರಕ್ಕೆ ಕೊಡಲೇಬೇಕಾದ ಬಾಡಿಗೆ, ಸಂಬಳ, ಸಾಲದ ಕಂತು, ಕರೆಂಟು ಬರೆಯಿರಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಬಂದ ಸಂಖ್ಯೆಯೇ ನಿಮ್ಮ ಉಸಿರು. ಗಿರಾಕಿಗಳಿಂದ ಬರಬೇಕಾದ ಬಾಕಿಯನ್ನು ಇದಕ್ಕೆ ಸೇರಿಸಬೇಡಿ. ಕೈಗೆ ಬರುವ ತನಕ ಅದು ದುಡ್ಡಲ್ಲ.

ಸಂಖ್ಯೆ ಚಿಕ್ಕದಾಗಿ ಬಂದರೆ ಗಾಬರಿಯಾಗಬೇಡಿ, ನೀವೊಬ್ಬರೇ ಅಲ್ಲ. 2016ರಲ್ಲಿ ಜೆಪಿ ಮಾರ್ಗನ್ ಚೇಸ್ ಬ್ಯಾಂಕಿನ ಸಂಶೋಧನಾ ಸಂಸ್ಥೆ ಅಮೆರಿಕದ ಸುಮಾರು 6 ಲಕ್ಷ ಸಣ್ಣ ಉದ್ಯಮಗಳ ಖಾತೆಗಳನ್ನು ನೋಡಿತು. ಬರುವ ದುಡ್ಡು ನಿಂತರೆ ಅರ್ಧದಷ್ಟು ಉದ್ಯಮಗಳು 27 ದಿನಕ್ಕಿಂತ ಹೆಚ್ಚು ತಡೆಯುವ ಸ್ಥಿತಿಯಲ್ಲಿರಲಿಲ್ಲ. ಅಮೆರಿಕದಲ್ಲಿ 2007ರ ಡಿಸೆಂಬರ್‌ನಲ್ಲಿ ಶುರುವಾದ ಹಿಂಜರಿತ 2009ರ ಜೂನ್ ತನಕ, ಅಂದರೆ 18 ತಿಂಗಳು ಎಳೆಯಿತು. 27 ದಿನ ಎಲ್ಲಿ, 18 ತಿಂಗಳು ಎಲ್ಲಿ? ಹಾಗಂತ ಎಲ್ಲವೂ ಅಷ್ಟು ಎಳೆಯುವುದಿಲ್ಲ. ಅಲ್ಲಿನ ಅಧಿಕೃತ ಲೆಕ್ಕ ಎರಡು ತ್ರೈಮಾಸಿಕದ ರೂಢಿಯದ್ದಲ್ಲ, ತಿಂಗಳಿನದ್ದು. ಅದರಲ್ಲಿ 2020ರದ್ದು ಫೆಬ್ರವರಿಯಿಂದ ಏಪ್ರಿಲ್ ತನಕ, ಬರೀ ಎರಡೇ ತಿಂಗಳು. ಯಾವುದು ಎಷ್ಟು ದಿನ ಅಂತ ಮುಂಚೆಯೇ ಗೊತ್ತಾಗಲ್ಲ. ಹಾಗಾಗಿ ಭವಿಷ್ಯ ಊಹಿಸುತ್ತಾ ಕೂರುವುದಕ್ಕಿಂತ ಉಸಿರನ್ನು ಉದ್ದ ಮಾಡಿಕೊಳ್ಳುವುದು ವಾಸಿ.

ಅದಕ್ಕೆ ಒಂದು ಹಾಳೆ ಸಾಕು. ಅಡ್ಡಕ್ಕೆ 13 ವಾರಗಳ 13 ಕಾಲಂ ಎಳೆಯಿರಿ. ಮೇಲೆ ಆಯಾ ವಾರ ನಿಜವಾಗಿ ಬರುವ ದುಡ್ಡು, ಕೆಳಗೆ ಹೋಗುವ ದುಡ್ಡು, ಕೊನೆಯ ಸಾಲಿನಲ್ಲಿ ಉಳಿಯುವುದು. 13 ವಾರ ಅಂದರೆ ಮೂರು ತಿಂಗಳು. ಅದಕ್ಕಿಂತ ಮುಂದಿನದು ಬರೀ ಊಹೆಯಾಗುತ್ತದೆ. ಪ್ರತಿ ಸೋಮವಾರ ಒಂದು ಕಾಲಂ ಹೊಡೆದುಹಾಕಿ, ಕೊನೆಗೆ ಒಂದು ಹೊಸ ಕಾಲಂ ಸೇರಿಸಿ. ನಾನು ಇದನ್ನು ಮೊದಲ ಸಲ ಬರೆದಾಗ ಏಳನೇ ವಾರದಲ್ಲಿ ಉಳಿಕೆ ಸೊನ್ನೆಗಿಂತ ಕೆಳಗೆ ಹೋಗಿತ್ತು. ಬೆವರು ಬಂತು. ಆದರೆ ಏಳು ವಾರ ಮುಂಚೆ ಗೊತ್ತಾಗಿದ್ದು ಒಳ್ಳೆಯದೇ ಆಯಿತು, ಅಲ್ವಾ? ಹಿಂದಿನ ದಿನ ಗೊತ್ತಾಗಿದ್ದರೆ ಮಾಡಲು ಏನೂ ಉಳಿದಿರುತ್ತಿರಲಿಲ್ಲ.

2. ಉಸಿರು ಉದ್ದ ಮಾಡಿ

ಬಾಕಿ ವಸೂಲಿಯಿಂದ ಶುರು ಮಾಡಿ. ಬಾಕಿ ಪಟ್ಟಿಯನ್ನು ಹಳೆಯದು ಮೇಲೆ ಬರುವಂತೆ ಜೋಡಿಸಿ. ಕಷ್ಟದಲ್ಲಿರುವ ಕಂಪನಿ ಎಲ್ಲರಿಗೂ ಕೊಡಲ್ಲ. ವಾರವಾರ ಫೋನ್ ಮಾಡಿದವರಿಗೆ ಮೊದಲು ಕೊಡುತ್ತದೆ. ಜಗಳ ಬೇಡ, ಫೋನ್ ಬೇಕು. ಪೂರ್ತಿ ಕೊಡಲು ಆಗದವರಿಗೆ "ನಾಲ್ಕು ಕಂತು ಮಾಡೋಣ, ಮೊದಲನೆಯದು ಈ ಶುಕ್ರವಾರ" ಅನ್ನಿ. ತಾರೀಖು ಹೇಳದೆ ಫೋನ್ ಇಡಬೇಡಿ.

ಹೊಸ ಕೆಲಸಕ್ಕೆ ಮುಂಗಡ ಕೇಳಿ. ಸಾಮಾನಿನ ಖರ್ಚಾದರೂ ಮುಂಗಡದಲ್ಲಿ ಬರಬೇಕು. ಮುಂಗಡ ಕೇಳಿದರೆ ಗಿರಾಕಿ ಓಡಿಹೋಗುತ್ತಾರೆ ಅಂತ ಭಯ ಇರುತ್ತದೆ. ಕೆಲವರು ಹೋಗುತ್ತಾರೆ ಕೂಡ. ಸಾಮಾನಿನ ಖರ್ಚನ್ನೂ ಕೊಡಲಾಗದವರು ಪೂರ್ತಿ ಬಿಲ್ ಹೇಗೆ ಕೊಡುತ್ತಾರೆ?

ಗೋದಾಮಿನಲ್ಲಿ ಆರು ತಿಂಗಳಿಂದ ಕದಲದ ಸರಕಿದ್ದರೆ ಅಸಲಿಗಾದರೂ ಸರಿ, ಮಾರಿ. ಬ್ಯಾಂಕಿನ ಓವರ್‌ಡ್ರಾಫ್ಟ್ (ಖಾತೆಯಲ್ಲಿ ಇರುವುದಕ್ಕಿಂತ ಜಾಸ್ತಿ ತೆಗೆಯುವ ಸೌಲಭ್ಯ) ಬೇಕಾಗಬಹುದು ಅನಿಸಿದರೆ ಲೆಕ್ಕಪತ್ರ ಚೆನ್ನಾಗಿರುವಾಗಲೇ ಕೇಳಿಟ್ಟುಕೊಳ್ಳಿ. ನೀರು ಮೂಗಿನ ತನಕ ಬಂದಾಗ ಯಾವ ಬ್ಯಾಂಕೂ ಕೈ ಹಿಡಿಯಲ್ಲ. ಇನ್ನು ವ್ಯಾಪಾರ ಉಳಿಸಲು ವಾಸದ ಮನೆ ಅಡವಿಡುವ ವಿಚಾರ. ಬೇಡ ಅಂತಲೇ ನನ್ನ ಅಭಿಪ್ರಾಯ. ವ್ಯಾಪಾರ ಮುಚ್ಚಿದರೆ ಇನ್ನೊಂದು ತೆರೆಯಬಹುದು. ಮನೆ ಹೋದರೆ ಕೂತು ಯೋಚನೆ ಮಾಡಲು ಜಾಗವೂ ಇರಲ್ಲ.

3. ಹೊಸ ಗಿರಾಕಿ ಆಮೇಲೆ, ಮೊದಲು ಹಳೇ ಖಾತೆ ಪುಸ್ತಕ

ಹಿಂಜರಿತದಲ್ಲಿ ಜನ ದುಡ್ಡು ಖರ್ಚು ಮಾಡುವುದನ್ನೇ ನಿಲ್ಲಿಸಲ್ಲ. ಖರ್ಚು ಮಾಡುವ ರೀತಿ ಬದಲಾಗುತ್ತದೆ. ಎಲ್ಲಿಗೆ ಬದಲಾಯಿತು ಅನ್ನುವುದು ನಿಮ್ಮ ಬಿಲ್ ಪುಸ್ತಕದಲ್ಲೇ ಸಿಗುತ್ತದೆ. ಕಳೆದ ವರ್ಷದ ಮೂರು ತಿಂಗಳು, ಈ ವರ್ಷದ ಅದೇ ಮೂರು ತಿಂಗಳು ಪಕ್ಕಪಕ್ಕ ಇಟ್ಟು ನೋಡಿ. ಪೂರ್ತಿ ನಿಲ್ಲಿಸಿದವರು ಯಾರು, ಕಡಿಮೆ ಮಾಡಿದವರು ಯಾರು ಅಂತ ಎಲ್ಲರೂ ನೋಡುತ್ತಾರೆ. ಜಾಸ್ತಿ ಮಾಡಿದವರು ಯಾರು ಅಂತ ನೋಡುವವರು ಕಡಿಮೆ. ಇಂಥವರು ಇಬ್ಬರು ಮೂವರಾದರೂ ಇದ್ದೇ ಇರುತ್ತಾರೆ. ನನ್ನ ಪುಸ್ತಕದಲ್ಲಿ ಹಳೇ ಸಾಮಾನು ಮಾರುವ ವ್ಯಾಪಾರಿಯೊಬ್ಬರಿದ್ದರು. ಮೊದಲು ಒಂದೆರಡು ಡಜನ್ ಚಕ್ರ ಕೊಳ್ಳುತ್ತಿದ್ದವರು ಆ ಮೂರು ತಿಂಗಳಲ್ಲಿ ಆರು ಸಲ ಬಂದಿದ್ದರು. ಮುಚ್ಚಿದ ಆಫೀಸುಗಳ ಕುರ್ಚಿ ಅಗ್ಗಕ್ಕೆ ಕೊಂಡು, ಸರಿ ಮಾಡಿ ಮಾರುತ್ತಿದ್ದರು. ಉತ್ತರ ನನ್ನ ಬಿಲ್‌ನಲ್ಲೇ ಇತ್ತು. ನಾನು ಓದಿರಲಿಲ್ಲ ಅಷ್ಟೇ.

ಆಮೇಲೆ ಹತ್ತು ಹಳೇ ಗಿರಾಕಿಗಳಿಗೆ ಫೋನ್ ಮಾಡಿ. ಮಾರುವುದಕ್ಕಲ್ಲ, ಸುಮ್ನೆ ಕೇಳುವುದಕ್ಕೆ. "ಈಗ ಯಾವ ಖರ್ಚು ತಲೆನೋವಾಗಿದೆ? ಯಾವ ಕೆಲಸ ಮುಂದಕ್ಕೆ ಹಾಕಿದ್ದೀರಿ? ಮುಂದಕ್ಕೆ ಹಾಕೋಕೇ ಆಗದ ಕೆಲಸ ಯಾವುದು?" ಇಷ್ಟೇ ಪ್ರಶ್ನೆ. ಅವರ ಉತ್ತರವನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಹತ್ತರಲ್ಲಿ ಮೂವರು ಒಂದೇ ಮಾತು ಹೇಳಿದರೆ ಅಲ್ಲಿ ಕೆಲಸವಿದೆ.

4. ದುಡ್ಡು ಹರಿಯುವ ದಾರಿಗಳು

ಯಾವ ಹಿಂಜರಿತವಾದರೂ ಬದಲಾವಣೆಗಳು ಹೆಚ್ಚುಕಮ್ಮಿ ಒಂದೇ ಥರ.

ಹೊಸದು ಕೊಳ್ಳುವ ಬದಲು ಇರುವುದನ್ನೇ ಇನ್ನೆರಡು ವರ್ಷ ಓಡಿಸೋಣ ಅನ್ನುತ್ತಾರೆ. ಆಗ ರಿಪೇರಿ, ಬಿಡಿಭಾಗ, ನಿರ್ವಹಣೆಗೆ ಕೆಲಸ ಹುಟ್ಟುತ್ತದೆ. ನೀವು ಏನು ಮಾರುತ್ತಿದ್ದೀರೋ ಅದನ್ನೇ ರಿಪೇರಿ ಮಾಡಲು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಸೆಕೆಂಡ್ ಹ್ಯಾಂಡ್ ಕೂಡ ಇದೇ ದಾರಿ. ಮುಚ್ಚಿದವರ ಸಾಮಾನು ಕೊಂಡು, ಸರಿ ಮಾಡಿ, ಮೂರು ತಿಂಗಳ ಗ್ಯಾರಂಟಿ ಕೊಟ್ಟು ಮಾರಬಹುದು. ಇಲ್ಲಿ ಗಿರಾಕಿ ದುಡ್ಡು ಕೊಡುವುದು ಆ ಗ್ಯಾರಂಟಿಗೇ. ಸಾಮಾನು ಎಲ್ಲಾದರೂ ಸಿಗುತ್ತದೆ.

ಕೊಳ್ಳುವ ಬದಲು ಬಾಡಿಗೆಗೆ ಹೋಗುತ್ತಾರೆ. ವರ್ಷಕ್ಕೆ ನಾಲ್ಕು ದಿನ ಬೇಕಾಗುವ ಯಂತ್ರವನ್ನು ಯಾರೂ ಈಗ ಕೊಳ್ಳಲ್ಲ. ನಿಮ್ಮ ಹತ್ತಿರ ಅಂಥದ್ದು ಸುಮ್ಮನೆ ಬಿದ್ದಿದ್ದರೆ ಅದರ ಬಾಡಿಗೆಯೇ ಒಂದು ಆದಾಯ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು ಇನ್ನೊಂದು. ದೊಡ್ಡ ಕಂಪನಿಗಳು ಜನರನ್ನು ತೆಗೆಯುತ್ತವೆ, ಆದರೆ ಅವರು ಮಾಡುತ್ತಿದ್ದ ಕೆಲಸ ಉಳಿದುಕೊಳ್ಳುತ್ತದೆ. ಲೆಕ್ಕ ಬರೆಯಬೇಕು, ಸಂಬಳದ ಪಟ್ಟಿ ಮಾಡಬೇಕು, ಕಂಪ್ಯೂಟರ್ ಕೆಟ್ಟರೆ ನೋಡಬೇಕು, ಸಾಮಾನು ಸಾಗಿಸಬೇಕು. ಪೂರ್ತಿ ಸಂಬಳದ ಒಬ್ಬರನ್ನು ಇಟ್ಟುಕೊಳ್ಳಲಾರರು, ಆದರೆ ವಾರಕ್ಕೆ ಎರಡು ದಿನದ ಸೇವೆಗೆ ದುಡ್ಡು ಕೊಡುತ್ತಾರೆ. ಐದು ಜನರ ಸಣ್ಣ ಸಂಸ್ಥೆಗೆ ಇದು ಹೇಳಿ ಮಾಡಿಸಿದ ಕೆಲಸ. ಒಂದು ಕಂಪನಿಯಲ್ಲಿ ಎರಡು ದಿನ, ಇನ್ನೊಂದರಲ್ಲಿ ಎರಡು ದಿನ. ಜನರನ್ನು ತೆಗೆದ ಸುದ್ದಿ ಬಂದ ಮೂರು ನಾಲ್ಕು ವಾರಕ್ಕೆ ಆ ಕಂಪನಿಯನ್ನು ಕೇಳಿ ನೋಡಿ. ಅಷ್ಟರಲ್ಲಿ ಅಲ್ಲಿ ಉಳಿದವರು ಎರಡು ಪಾಲಿನ ಕೆಲಸ ಮಾಡಿ ಸೋತಿರುತ್ತಾರೆ.

ಖರ್ಚು ಉಳಿಸಿಕೊಡುವ ಕೆಲಸಕ್ಕೂ ಗಿರಾಕಿ ಇರುತ್ತಾರೆ. ಆದರೆ ಮಾತನ್ನು ಸಂಖ್ಯೆಯಲ್ಲಿ ಆಡಬೇಕು. "ಕರೆಂಟ್ ಬಿಲ್ ಕಡಿಮೆಯಾಗುತ್ತೆ" ಅಂದರೆ ಯಾರೂ ಕಿವಿಗೊಡಲ್ಲ. "ಈ ಬಿಲ್ ನೋಡಿ, ಇಷ್ಟು ಉಳಿಯುತ್ತೆ, ಹಾಕಿದ ದುಡ್ಡು ಎಂಟು ತಿಂಗಳಿಗೆ ವಾಪಸ್" ಅಂದರೆ ಕುರ್ಚಿ ಎಳೆದು ಕೂರಿಸುತ್ತಾರೆ. ಇನ್ನು ಕಾನೂನು ಕೇಳುವ ತಪಾಸಣೆ, ತೆರಿಗೆ ಲೆಕ್ಕ, ಸುರಕ್ಷತೆಯ ಕೆಲಸಗಳನ್ನು ಯಾರೂ ಮುಂದಕ್ಕೆ ಹಾಕಲಾರರು. ರೋಮಾಂಚನ ಏನೂ ಇಲ್ಲ, ಬಿಲ್ ಮಾತ್ರ ಸರಿಯಾಗಿ ಬರುತ್ತದೆ.

ಕಷ್ಟದ ಕಾಲದಲ್ಲಿ ಲಿಪ್‌ಸ್ಟಿಕ್ ಮಾರಾಟ ಏರುತ್ತದೆ, ದೊಡ್ಡ ಆಸೆ ಬಿಟ್ಟವರು ಸಣ್ಣ ಖುಷಿ ಕೊಳ್ಳುತ್ತಾರೆ ಅಂತ 2001ರಿಂದ ಒಂದು ಮಾತು ಓಡಾಡುತ್ತಿದೆ. ಕೇಳಲು ಚೆಂದ. ಆದರೆ ಎಲ್ಲರೂ ಮಾಸ್ಕ್ ಹಾಕಿಕೊಂಡ 2020ರಲ್ಲಿ ಲಿಪ್‌ಸ್ಟಿಕ್‌ಗೆ ಏನಾಯಿತು ಅಂತ ಹೇಳಬೇಕಿಲ್ಲ. ಇಂಥ ಸೂತ್ರ ನಂಬಿ ಸರಕು ತುಂಬಬೇಡಿ. ನಿಮ್ಮ ಹತ್ತು ಫೋನ್ ಕರೆಗಳನ್ನು ನಂಬಿ.

5. ಒಂದೇ ಒಂದನ್ನು ಆರಿಸಿ, ಚಿಕ್ಕದಾಗಿ ಮಾಡಿ ನೋಡಿ

ಇಷ್ಟೆಲ್ಲಾ ದಾರಿ ನೋಡಿದ ಮೇಲೆ ನಾಲ್ಕನ್ನು ಒಟ್ಟಿಗೆ ಹಿಡಿಯುವ ಆಸೆಯಾಗುತ್ತದೆ. ಬೇಡ. ನಿಮಗೆ ಗೊತ್ತಿರುವ ಕೆಲಸಕ್ಕೆ ಎಲ್ಲಕ್ಕಿಂತ ಹತ್ತಿರ ಇರುವುದು ಯಾವುದೋ ಅದು ಸಾಕು. ಇರುವ ಗಿರಾಕಿಗೆ ಹೊಸ ಸೇವೆ ಕೊಡಬಹುದು. ಇರುವ ಸೇವೆಯನ್ನು ಹೊಸ ಗಿರಾಕಿಗೆ ಕೊಡಬಹುದು. ಹೊಸ ಸೇವೆಯನ್ನು ಹೊಸ ಗಿರಾಕಿಗೆ ಕೊಡಲು ಹೊರಟವರು ಇಂಥ ಕಾಲದಲ್ಲಿ ಕೈ ಸುಟ್ಟುಕೊಳ್ಳುತ್ತಾರೆ.

ಕುರ್ಚಿ ರಿಪೇರಿಗೆ ಎರಡನೇ ಸಲ ಕರೆ ಬಂದಾಗ ನಾನು ಏನು ಮಾಡಿದೆ ಅಂತ ಹೇಳುತ್ತೇನೆ. ಹೂಂ ಅನ್ನುವ ಮುಂಚೆ ಕರೆ ಮಾಡಿದವರ ಒಂದು ಕುರ್ಚಿ ತರಿಸಿಕೊಂಡೆ. ಮೇಜಿನ ಮೇಲೆ ತಲೆಕೆಳಗಾಗಿ ಇಟ್ಟು ಸೀಟಿನ ನಾಲ್ಕು ಬೋಲ್ಟ್ ಬಿಚ್ಚಿದೆ. ಬಟ್ಟೆ ಕಿತ್ತು ನೋಡಿದರೆ ಫೋಮ್ ನಡುವೆ ಚಪ್ಪಟೆಯಾಗಿತ್ತು, ಅಂಚಿನಲ್ಲಿ ಪುಡಿ ಉದುರುತ್ತಿತ್ತು. ಸೀಟು ಏರಿಸಿ ಇಳಿಸುವ ಗ್ಯಾಸ್ ಲಿಫ್ಟ್ ಮಾತ್ರ ಗಟ್ಟಿಯಾಗಿತ್ತು. ಫೋಮ್, ಬಟ್ಟೆ, ಐದು ಚಕ್ರ ಹಾಕಲು ಮೊದಲ ಕುರ್ಚಿಗೆ ಎರಡು ಗಂಟೆ ಹಿಡಿಯಿತು. ಇನ್ನು ನಾಲ್ಕು ತರಿಸಿದೆ. ಐದನೆಯದಕ್ಕೆ ನಲವತ್ತು ನಿಮಿಷ ಸಾಕಾಯಿತು. ಆಗ ಗಡಿಯಾರ ನೋಡಿ ದರ ಬರೆದೆ. ಗ್ಯಾಸ್ ಲಿಫ್ಟ್ ಕೆಟ್ಟಿದ್ದರೆ ಅದಕ್ಕೆ ಬೇರೆ ದರ ಅಂತ ಕೊಟೇಶನ್‌ನಲ್ಲೇ ಹಾಕಿದೆ. ಮೊದಲ ಕುರ್ಚಿಯ ಲೆಕ್ಕದಲ್ಲಿ ದರ ಹೇಳಿದ್ದರೆ ಕೆಲಸ ಸಿಗುತ್ತಿರಲಿಲ್ಲ. ಕಣ್ಣಂದಾಜಿನಲ್ಲಿ ಹೇಳಿದ್ದರೆ ಕೈ ಕಚ್ಚುತ್ತಿತ್ತು.

ನಿಮ್ಮ ಕೆಲಸ ಯಾವುದೇ ಇರಲಿ, ಐದು ಸಲ ಮಾಡಿ ನೋಡುವ ತನಕ ಯಂತ್ರ ಕೊಳ್ಳಬೇಡಿ, ಜನ ಸೇರಿಸಬೇಡಿ, ಬೋರ್ಡ್ ಬದಲಿಸಬೇಡಿ. ಎರಡು ವಾರ, ಐದು ಗಿರಾಕಿ, ದುಡ್ಡು ಕೊಟ್ಟು ಮಾಡಿಸಿಕೊಳ್ಳುವವರು. ಬಿಟ್ಟಿ ಮಾಡಿಕೊಟ್ಟರೆ ಎಲ್ಲರೂ ಚೆನ್ನಾಗಿದೆ ಅಂತಲೇ ಹೇಳುತ್ತಾರೆ.

6. ದರ ಇಳಿಸುವ ಮುಂಚೆ ಈ ಲೆಕ್ಕ ಮಾಡಿ

ನೀವು 100ಕ್ಕೆ ಮಾರುವುದಕ್ಕೆ 70 ಖರ್ಚಾಗುತ್ತದೆ ಅನ್ನಿ. ಉಳಿಯುವುದು 30. ಶೇಕಡಾ 10 ರಿಯಾಯಿತಿ ಕೊಟ್ಟರೆ 90ಕ್ಕೆ ಮಾರುತ್ತೀರಿ, ಉಳಿಯುವುದು 20. ಮೊದಲಿನಷ್ಟೇ ಲಾಭಕ್ಕೆ ಈಗ ಒಂದೂವರೆ ಪಟ್ಟು ಮಾರಬೇಕು. ರಿಯಾಯಿತಿಗೆ ಮುಂಚೆಯೇ ಉಳಿಯುವುದು 20 ಇದ್ದವರಾದರೆ ಅದೇ ರಿಯಾಯಿತಿಗೆ ಎರಡು ಪಟ್ಟು ಮಾರಬೇಕು. ಜನ ಕೈ ಬಿಗಿ ಹಿಡಿದಿರುವಾಗ ಎರಡು ಪಟ್ಟು ಎಲ್ಲಿಂದ ಬರುತ್ತದೆ? ಅದೂ ಅಲ್ಲದೆ ಇಳಿಸಿದ ದರವನ್ನು ಮತ್ತೆ ಏರಿಸುವಷ್ಟರಲ್ಲಿ ಸಾಕುಸಾಕಾಗುತ್ತದೆ.

ದರ ಇಳಿಸುವ ಬದಲು ಗಂಟು ಬಿಚ್ಚಿ. ಡೆಲಿವರಿ, ಜೋಡಣೆ, ವರ್ಷದ ಸರ್ವಿಸ್ ಎಲ್ಲ ಸೇರಿಸಿ ಒಂದು ದರ ಹೇಳುತ್ತಿದ್ದರೆ ಬೇರೆಬೇರೆ ಮಾಡಿ. ಕಡಿಮೆ ದುಡ್ಡಿರುವವರು ಕಡಿಮೆ ತೆಗೆದುಕೊಳ್ಳಲಿ. ನಿಮ್ಮ ಉಳಿಕೆ ಹಾಗೇ ಇರುತ್ತದೆ. ದೊಡ್ಡ ಪ್ಯಾಕ್ ಜೊತೆಗೆ ಸಣ್ಣ ಪ್ಯಾಕ್ ಕೂಡ ಇಡಿ.

ಕೆಲವು ಸಲ ಗಿರಾಕಿ ಹಿಂದೆ ಸರಿಯುವುದು ದರ ಜಾಸ್ತಿ ಅಂತಲ್ಲ, ನಾಳೆಯ ಭಯಕ್ಕೆ. 2009ರ ಜನವರಿಯಲ್ಲಿ ಅಮೆರಿಕದಲ್ಲಿ ಹ್ಯುಂಡೈ ಕಂಪನಿ ಹಿಡಿದದ್ದು ಇದನ್ನೇ. ಕಾರು ಕೊಂಡ ಒಂದು ವರ್ಷದೊಳಗೆ ಕೆಲಸ ಹೋದರೆ ಕಾರು ವಾಪಸ್ ಕೊಡಬಹುದು ಅಂತ ಜಾಹೀರಾತು ಕೊಟ್ಟಿತು. ಅಲ್ಲಿ ಕಾರು ಮಾರಾಟ ಒಟ್ಟಾರೆ ಮೂರನೇ ಒಂದಕ್ಕಿಂತ ಹೆಚ್ಚು ಕುಸಿದಿದ್ದ ಆ ತಿಂಗಳು ಹ್ಯುಂಡೈ ಮಾರಾಟ ಏರಿತು. ಸಣ್ಣ ಉದ್ಯಮಕ್ಕೆ ಕಾರು ವಾಪಸ್ ತೆಗೆದುಕೊಳ್ಳುವ ತಾಕತ್ತಿಲ್ಲ, ನಿಜ. ವರ್ಷದ ಒಪ್ಪಂದದ ಬದಲು ಮೂರು ತಿಂಗಳದ್ದು ಕೊಡಬಹುದಲ್ಲ? "ಒಂದು ತಿಂಗಳು ಮುಂಚೆ ಹೇಳಿದರೆ ನಿಲ್ಲಿಸಬಹುದು" ಅಂತ ಬರೆದುಕೊಡಬಹುದು. ನನ್ನ ಅನುಭವದಲ್ಲಿ ಈ ಒಂದು ಸಾಲಿಗೆ ಶೇಕಡಾ 10 ರಿಯಾಯಿತಿಗಿಂತ ಜಾಸ್ತಿ ಬೆಲೆ.

7. ಅಗ್ಗವಾದದ್ದನ್ನು ನೋಡಿ ಕೊಳ್ಳಿ, ಅಗ್ಗ ಅಂತ ಕೊಳ್ಳಬೇಡಿ

ಹಿಂಜರಿತದಲ್ಲಿ ಹಳೇ ಯಂತ್ರ, ಜಾಗದ ಬಾಡಿಗೆ, ಜಾಹೀರಾತು ಎಲ್ಲ ಇಳಿಯುತ್ತದೆ. ಹರಾಜಿನಲ್ಲಿ ಅರ್ಧ ಬೆಲೆಗೆ ಯಂತ್ರ ಸಿಕ್ಕರೆ ಬಿಡಿಭಾಗ ಈಗಲೂ ಬರುತ್ತದಾ ಅಂತ ಮೊದಲು ಕೇಳಿ. ಜಾಗದ ಮಾಲೀಕರ ಹತ್ತಿರ ಬರೀ "ಬಾಡಿಗೆ ಇಳಿಸಿ" ಅನ್ನಬೇಡಿ. "ಎರಡು ವರ್ಷ ಜಾಸ್ತಿ ಇರ್ತೀನಿ, ಒಂದು ವರ್ಷದ ಮಟ್ಟಿಗೆ ಇಳಿಸಿ" ಅನ್ನಿ. ಖಾಲಿ ಜಾಗದ ಭಯ ಅವರಿಗೂ ಇರುತ್ತದೆ.

ನಿಜವಾಗಿ ಹುಡುಕಬೇಕಾದದ್ದು ಜನರನ್ನು. ಒಳ್ಳೆ ಕಾಲದಲ್ಲಿ ನಿಮ್ಮಂಥ ಸಣ್ಣ ಕಡೆಗೆ ತಿರುಗಿಯೂ ನೋಡದ ನುರಿತವರು ಈಗ ಕೆಲಸ ಕಳೆದುಕೊಂಡಿರುತ್ತಾರೆ. ಪೂರ್ತಿ ಸಂಬಳ ಕೊಡಲು ಆಗದಿದ್ದರೆ ವಾರಕ್ಕೆ ಮೂರು ದಿನಕ್ಕೆ ಕೇಳಿ. ಅವರ ಕಷ್ಟ ನೋಡಿ ತೀರಾ ಕಡಿಮೆಗೆ ಎಳೆದರೆ ಮಾತ್ರ, ಕಾಲ ಸುಧಾರಿಸಿದ ಮೊದಲ ತಿಂಗಳೇ ಹೊರಡುತ್ತಾರೆ.

2010ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂದಿತ್ತು. ಮೂರು ಹಿಂಜರಿತಗಳ ಕಾಲದ 4,700 ಕಂಪನಿಗಳನ್ನು ನೋಡಿದ್ದರು. ಶೇಕಡಾ 17 ಉಳಿಯಲಿಲ್ಲ. ಮೊದಲಿಗಿಂತ ಗಟ್ಟಿಯಾಗಿ, ಪೈಪೋಟಿಯವರನ್ನೂ ಹಿಂದೆ ಹಾಕಿ ಹೊರಬಂದವು ಶೇಕಡಾ 9 ಮಾತ್ರ. ಹಾಗೆ ಗೆಲ್ಲುವ ಸಾಧ್ಯತೆ ಬರೀ ಕತ್ತರಿ ಹಾಕಿದವರಿಗೂ ಕಡಿಮೆ, ಬರೀ ಖರ್ಚು ಮಾಡಿದವರಿಗೂ ಕಡಿಮೆ. ಕೆಲಸದ ರೀತಿ ಸುಧಾರಿಸಿ ಖರ್ಚು ಇಳಿಸಿ, ಅದರ ಜೊತೆಗೇ ಮಾರುಕಟ್ಟೆ, ಹೊಸ ಉತ್ಪನ್ನ, ಯಂತ್ರಗಳ ಮೇಲೆ ದುಡ್ಡು ಹಾಕಿದವರಿಗೆ ಜಾಸ್ತಿ. ಅವೆಲ್ಲ ಷೇರುಪೇಟೆಯ ದೊಡ್ಡ ಕಂಪನಿಗಳು, ಅವುಗಳ ಅಂಗಿ ನಮಗೆ ಸರಿಯಾಗಿ ಕೂರಲ್ಲ. ಆದರೂ 13 ವಾರದ ಹಾಳೆಯಲ್ಲಿ "ಮುಂದಿನದಕ್ಕೆ" ಅಂತ ಒಂದು ಚಿಕ್ಕ ಸಾಲು ಇರಲಿ. ಅದು ವಾರಕ್ಕೆ ಅರ್ಧ ದಿನದ ಸಮಯವಾದರೂ ಸರಿ.

8. ಕಾಲ ಸುಧಾರಿಸಿದಾಗ

ಎಷ್ಟೋ ಸಣ್ಣ ಉದ್ಯಮಗಳು ಹಿಂಜರಿತ ದಾಟಿ, ಆಮೇಲೆ ಮುಳುಗುತ್ತವೆ. ವಿಚಿತ್ರ ಅನಿಸಬಹುದು. ಒಂದೇ ಸಲ ಆರ್ಡರ್ ಬರಲು ಶುರುವಾಗುತ್ತದೆ. ಸಾಮಾನಿಗೆ ಇವತ್ತೇ ದುಡ್ಡು ಬೇಕು, ಸಂಬಳಕ್ಕೆ ತಿಂಗಳ ಕೊನೆಗೆ ಬೇಕು, ಗಿರಾಕಿ ಕೊಡುವುದು ಅರವತ್ತು ದಿನಕ್ಕೆ. ಒಂದೂವರೆ ವರ್ಷ ಸೊರಗಿದ ಖಾತೆಯಲ್ಲಿ ಅಷ್ಟು ದುಡ್ಡು ಎಲ್ಲಿರುತ್ತದೆ?

ಹಾಗಾಗಿ ಮೊದಲ ದೊಡ್ಡ ಆರ್ಡರ್ ಬಂದ ದಿನ ಹಳೇ ಹಾಳೆ ತೆಗೆಯಿರಿ. ಆ ಆರ್ಡರ್‌ನ ಖರ್ಚು ಯಾವ ವಾರ, ದುಡ್ಡು ಯಾವ ವಾರ ಅಂತ ತುಂಬಿಸಿ. ನಡುವಿನ ಯಾವ ಕಾಲಂ ಸೊನ್ನೆಗಿಂತ ಕೆಳಗೆ ಹೋಗುತ್ತದೋ ಅಷ್ಟು ಮೊತ್ತವೇ ನೀವು ಕೇಳಬೇಕಾದ ಮುಂಗಡ. ಕೊಡಲ್ಲ ಅಂದರೆ ಆರ್ಡರ್ ಎರಡು ಭಾಗ ಮಾಡಿ. ಅರ್ಧ ತಲುಪಿಸಿ, ಬಿಲ್ ವಸೂಲಾದ ಮೇಲೆ ಉಳಿದರ್ಧ ಶುರು ಮಾಡಿ.